ಬೆಣ್ಣೆ ಮತ್ತು ಮಸಿಯ ಭಾನುವಾರದ ಜಗಳ

ಲಾಂಡ್ರಿಯ ಮೇಲಿನ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಬಂತೆಂದರೆ ಜಗಳ. ಗಂಡ ಹೆಂಡತಿಯದಲ್ಲ, ಅವರಿಬ್ಬರಿಗೆ ಕೂತು ಜಗಳವಾಡುವಷ್ಟು ಪುರುಸೊತ್ತೆಲ್ಲಿ? ಜಗಳ ಬೆಣ್ಣೆಗೂ ಮಸಿಗೂ. ಬೆಣ್ಣೆ ಎಂಬುದು ಕೆನೆಬಣ್ಣದ ಗಿನಿಪಿಗ್, ಮಸಿ ಎಂಬುದು ಹೆಸರೇ ಹೇಳುವಂತೆ ಕಪ್ಪು. ಎರಡೂ ಹೆಣ್ಣು. ಬಾಲವಿಲ್ಲ, ಕುತ್ತಿಗೆಯಿಲ್ಲ, ನಾಚಿಕೆಯಂತೂ ಇಲ್ಲವೇ ಇಲ್ಲ. ವಾರವಿಡೀ ಒಂದಕ್ಕೊಂದು ಒರಗಿಕೊಂಡು ಹುಲ್ಲು ಮೆಲ್ಲುವ ಈ ಪ್ರಾಣಿಗಳು ಭಾನುವಾರ ಮಾತ್ರ ಹಲ್ಲು ಕಟಕಟಿಸುತ್ತ, ಹಿಂಭಾಗ ಅಲ್ಲಾಡಿಸುತ್ತ, ಹಿಂದಿನ ಜನ್ಮದ ಹಗೆ ತೀರಿಸಿಕೊಳ್ಳುವವರ ಹಾಗೆ ಪಂಜರದ ತುಂಬ ಅಟ್ಟಾಡಿಸಿಕೊಳ್ಳುತ್ತಿದ್ದವು.

ಬೆಣ್ಣೆ ಈ ಮನೆಗೆ ಬಂದದ್ದು ಮಗುವಿನ ಜೊತೆ. ಮಗು ಬಂದದ್ದು ಅದರ ತಾಯಿಗೆ ಎದೆಯ ಕಾಯಿಲೆ ಹಿಡಿದಾಗ. ದೂರದ ಆಸ್ಪತ್ರೆ, ಅಂಟುವ ರೋಗ, ಮಕ್ಕಳನ್ನು ಗೇಟಿನ ಹತ್ತಿರವೂ ಸೇರಿಸುವುದಿಲ್ಲ. ಅಪ್ಪನ ವಿಷಯ ಕೇಳಲೇಬೇಡಿ. ಆ ಮಹಾಶಯ ಇದ್ದಾಗಲೂ ಇದ್ದಂತಿರಲಿಲ್ಲ, ಹೋದ ಮೇಲೆ ಹೇಳುವುದೇನಿದೆ. "ಆರು ತಿಂಗಳು ಅಕ್ಕ, ಅಷ್ಟೇ" ಎಂದು ತಂಗಿ ತನ್ನ ಮೂರು ವರ್ಷದ ಮಗಳನ್ನೂ ಒಂದು ಪಂಜರವನ್ನೂ ಅಕ್ಕನ ಕೈಗಿಟ್ಟು ಹೋದಳು. ಒಂದು ಕಳೆದರೆ ಇನ್ನೊಂದು ತೊಡಕು. ಆರು ತಿಂಗಳು ಒಂದೂವರೆ ವರ್ಷವಾಯಿತು.

ಅಕ್ಕನಿಗೆ ಮಕ್ಕಳಿರಲಿಲ್ಲ. ಆಗಲಿಲ್ಲ, ಅಷ್ಟೆ. ಅದನ್ನು ಅವಳು ಅತ್ತು ಮುಗಿಸಿ, ಮಡಚಿ, ಬೀರುವಿನ ಮೇಲ್ಹಲಗೆಗೆ ಹಾಕಿದವಳು. ಈಗ ಮಗು "ದೊಡ್ಡಮ್ಮಾ" ಎಂದು ಮಹಡಿಯಿಂದ ಕೂಗಿ ಕೂಗಿ, ಅಂಗಡಿಗೆ ಬರುವ ಗಿರಾಕಿಗಳಿಗೂ ಅವಳು ದೊಡ್ಡಮ್ಮ, ಇಸ್ತ್ರಿ ಟೇಬಲ್ಲಿನ ಹಿಂದೆ ನಿಂತ ಅವಳ ಗಂಡ ದೊಡ್ಡಪ್ಪ. ತಂಗಿ ಗುಣವಾಗಲಿ ಎಂದು ದೊಡ್ಡಮ್ಮ ದಿನಾ ಮನಸಾರೆ ಬೇಡಿಕೊಳ್ಳುತ್ತಿದ್ದಳು. ಅದರ ಬೆನ್ನಿಗೇ, ಅಷ್ಟು ಬೇಗ ಬಂದು ಮಗುವನ್ನು ಕರೆದುಕೊಂಡು ಹೋಗದಿರಲಿ ಎಂದೂ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದಾಗ ತನ್ನ ಮೇಲೆ ತನಗೇ ಸಿಟ್ಟು ಬಂದು, ಯಾವುದೋ ಬಡಪಾಯಿ ಪರದೆಯನ್ನು ಎರಡೆರಡು ಸಲ ಹಿಂಡುತ್ತಿದ್ದಳು.

ತೊಳೆಯುವುದರಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲಿರಲಿಲ್ಲ. ಗಿರಾಕಿ ಗಂಟು ಬಿಚ್ಚುವ ಮೊದಲೇ ಮೂಗಿನಲ್ಲೇ ಗುರುತಿಸಿ ಹೇಳುತ್ತಿದ್ದಳು: ಇದು ಹೊಗೆ ಸೇದುವವನ ಕೋಟು, ಇದು ಮೀನು ಹುರಿದ ಮನೆಯ ಪರದೆ, ಇದು ಒಗೆಯದೆ ಮಡಚಿಟ್ಟ ಚಾದರ. ಮನೆಯಲ್ಲಂತೂ ಒಮ್ಮೆ ಮೈಗೆ ತಾಗಿದ ಬಟ್ಟೆ ಎರಡನೇ ಸಲ ಮೈ ಕಾಣುತ್ತಿರಲಿಲ್ಲ. ದೊಡ್ಡಪ್ಪ ಕುರ್ಚಿಯ ಮೇಲೆ ಅಂಗಿ ಬಿಚ್ಚಿಟ್ಟು ಕೈಕಾಲು ತೊಳೆದು ಬರುವಷ್ಟರಲ್ಲಿ ಅಂಗಿ ಮೆಷಿನ್ನಿನೊಳಗೆ ಗಿರಕಿ ಹೊಡೆಯುತ್ತಿರುತ್ತಿತ್ತು. "ಒಂದು ದಿನ ನನ್ನನ್ನೂ ಹಾಕಿ ತಿರುಗಿಸ್ತೀಯ ಬಿಡು" ಎನ್ನುತ್ತಿದ್ದ ಅವನು.

ಗಿನಿಪಿಗ್ ಒಂಟಿಯಾಗಿದ್ದರೆ ಕೊರಗುತ್ತದೆ ಎಂದು ಪ್ರಾಣಿ ಮಾರುವವನು ಹೇಳಿದ್ದರಿಂದ ಮಸಿ ಬಂದಳು. ಮೊದಲ ವಾರ ಬೆಣ್ಣೆ ಅವಳನ್ನು ನೀರಿನ ಬಾಟಲಿಯ ಹತ್ತಿರ ಬಿಡಲಿಲ್ಲ. ದೊಡ್ಡಮ್ಮ ಇನ್ನೊಂದು ಬಾಟಲಿ ಕಟ್ಟಿದಳು. ಹುಲ್ಲಿಗೆ ಜಗಳವಾಯಿತು, ಹುಲ್ಲನ್ನು ಎರಡು ಮೂಲೆಗೆ ಹಾಕಿದಳು. ಅಡಗಿಕೊಳ್ಳುವ ಡಬ್ಬಿಯೊಳಗೆ ಒಂದು ಹೊಕ್ಕರೆ ಇನ್ನೊಂದು ಬಾಗಿಲಿಗೆ ಅಡ್ಡ ಕೂರುತ್ತಿತ್ತು. ದೊಡ್ಡಪ್ಪ ಶರ್ಟಿನ ರಟ್ಟಿನ ಪೆಟ್ಟಿಗೆಗೆ ಎರಡೂ ಕಡೆ ಬಾಗಿಲು ಕೊರೆದು, ಅಂಥವು ಎರಡು ಮಾಡಿಟ್ಟ. ಅಟ್ಟಿಸಿಕೊಂಡು ಬಂದವಳಿಂದ ತಪ್ಪಿಸಿಕೊಳ್ಳಲು ಹಿಂಬಾಗಿಲು ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

"ಎರಡು ಜಡೆ ಒಂದು ಕಡೆ ಸೇರಲ್ಲ ಅಂತಾರೆ. ಇವಕ್ಕೆ ಜಡೆಯೂ ಇಲ್ಲ, ಆದ್ರೂ ಸೇರ್ತಿಲ್ಲ ನೋಡು" ಎಂದ ದೊಡ್ಡಪ್ಪ.

"ಆ ಗಾದೆ ಮಾಡಿದವನು ಒಂದಿನ ಆದ್ರೂ ಅಡುಗೆಮನೆಗೆ ಹೋಗಿದ್ನಾ ಕೇಳಿ" ಎಂದಳು ದೊಡ್ಡಮ್ಮ. ದೊಡ್ಡಪ್ಪ ಇಸ್ತ್ರಿಗೆ ನೀರು ತುಂಬಿದ.

ಕೆಳಗಿನ ಬೀದಿಯ ಔಷಧಿ ಅಂಗಡಿಯಾಕೆ ಒಮ್ಮೆ ಪಂಜರಕ್ಕೆ ಮೂಗು ತೂರಿಸಿ, "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನೀವು ಹೆಗ್ಗಣಾನೇ ತಂದು ಮುದ್ದು ಮಾಡ್ತಿದೀರಲ್ಲ" ಎಂದು ನಕ್ಕಳು. ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕಳು, ಆದರೆ 'ಹೆತ್ತವರಿಗೆ' ಎಂಬುದು ಸಂಜೆಯವರೆಗೂ ಚುಚ್ಚುತ್ತಲೇ ಇತ್ತು.

ಹೀಗೆ ಎಲ್ಲ ಹದಕ್ಕೆ ಬಂದರೂ ಭಾನುವಾರದ ಜಗಳ ಮಾತ್ರ ನಿಲ್ಲಲಿಲ್ಲ. ಭಾನುವಾರ ಅಂಗಡಿಗೆ ರಜೆ. ಅಂದು ದೊಡ್ಡಮ್ಮ ಪಂಜರವನ್ನು ತಳಮಟ್ಟ ಬಿಚ್ಚಿ, ಹಾಸುಬಟ್ಟೆಗಳನ್ನು ಕುದಿನೀರಿಗೆ ಹಾಕಿ, ಕಂಬಿಗಳನ್ನು ಬ್ರಷ್ಷಿನಿಂದ ಉಜ್ಜಿ, ಕೊನೆಗೆ ಘಮ್ಮೆನ್ನುವ ದ್ರಾವಣದಲ್ಲಿ ಒರೆಸುತ್ತಿದ್ದಳು. ಮಧ್ಯಾಹ್ನಕ್ಕೆ ಕಿತ್ತಾಟ ಶುರು. ಅವಳು ದಪ್ಪ ಟವೆಲ್ಲೊಂದನ್ನು ಎರಡರ ಮೇಲೂ ಎಸೆದು, ಕೈ ಕಚ್ಚಿಸಿಕೊಳ್ಳದೆ ಬೇರೆ ಮಾಡುತ್ತಿದ್ದಳು. "ಇಷ್ಟು ಚೊಕ್ಕ ಮಾಡಿ ಕೊಟ್ರೂ ಕಚ್ಚಾಡ್ತೀರಲ್ಲೇ, ಕೃತಜ್ಞತೆ ಅನ್ನೋದು ಇದೆಯಾ ನಿಮಗೆ?" ಎಂದು ಬೈಯುತ್ತಿದ್ದಳು. ಕೊಳೆ ಇರುವುದರಿಂದಲೇ ಜಗಳ ಎಂದು ಅವಳ ಲೆಕ್ಕ. ಮುಂದಿನ ವಾರ ಇನ್ನೂ ಗಟ್ಟಿಯಾಗಿ ಉಜ್ಜುತ್ತಿದ್ದಳು.

ಅಂಥದೊಂದು ವಾರ ತಂಗಿ ಬಂದಳು. ಗುಣವಾಗಿತ್ತು, ಅಂಟುವ ಭಯವಿಲ್ಲ ಎಂದು ವೈದ್ಯರು ಬಿಟ್ಟಿದ್ದರು. ಶಾಲೆ ಶುರುವಾಗುವ ಮೊದಲು ಮಗಳನ್ನು ಕರೆದುಕೊಂಡು ತನ್ನ ಊರಿಗೆ ಹೋಗುವುದು, ಅಲ್ಲಿ ಹಳೆಯ ಹೊಲಿಗೆ ಕೆಲಸ ಕಾದಿದೆ. ಬಾಗಿಲಲ್ಲಿ ನಿಂತವಳು ಅರ್ಧವಾಗಿದ್ದಳು, ಕುಪ್ಪಸದ ತೋಳು ಕೈಗೆ ಜೋತುಬಿದ್ದಿತ್ತು. ದೊಡ್ಡಮ್ಮ ಅವಳನ್ನು ತಬ್ಬಿ ಅತ್ತಳು, ಅಳುತ್ತಲೇ ಮೂಗಿಗೆ ಆಸ್ಪತ್ರೆಯ ಫಿನಾಯಿಲು, ಮಾತ್ರೆ, ಹಳೇ ಹಾಸಿಗೆ ಎಲ್ಲ ಬಡಿಯಿತು. ಅವಳಿಗೆ ಗೊತ್ತಿದ್ದ ಪ್ರೀತಿ ಒಂದೇ. ಅರ್ಧ ಗಂಟೆಯೊಳಗೆ ತಂಗಿಯ ಪೆಟ್ಟಿಗೆ ಪೂರ್ತಿ ಮೆಷಿನ್ನಿಗೆ ಹೋಯಿತು. ತಂಗಿಗೆ ತಲೆಗೆ ನೀರೆರೆದು, ಹೊಸ ಸೋಪು ಹಚ್ಚಿ, ಅಂಗಡಿಯ ಅತಿ ದುಬಾರಿ ಸುವಾಸನೆಯಲ್ಲಿ ಅದ್ದಿ ತೆಗೆದ ಬಟ್ಟೆ ಉಡಿಸಿ, ಗೆರೆ ಹಿಡಿದು ಇಸ್ತ್ರಿ ಮಾಡಿದ ದುಪ್ಪಟಿ ಹೊದಿಸಿ ಕೂರಿಸಿದಳು.

"ಬಾರೇ ಕಂದ" ಎಂದಳು ತಂಗಿ ಎರಡೂ ಕೈ ಚಾಚಿ.

ಮಗು ದೊಡ್ಡಮ್ಮನ ಹಿಂದೆ ಸರಿದು ಅವಳ ಬಟ್ಟೆಯಲ್ಲಿ ಮುಖ ಹುದುಗಿಸಿತು. ಫೋನಿನಲ್ಲಿ ಆ ದನಿ ಕೇಳಿ ಅದಕ್ಕೆ ಅಭ್ಯಾಸವಿತ್ತು. 'ಫೋನಮ್ಮ' ಎಂದು ಹೆಸರೂ ಇಟ್ಟಿತ್ತು. ಫೋನಮ್ಮ ಫೋನಿನಿಂದ ಹೊರಗೆ ಬಂದು ಕುರ್ಚಿಯ ಮೇಲೆ ಕೂರುತ್ತಾಳೆಂದು ಯಾರೂ ಹೇಳಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಗು ದೊಡ್ಡಪ್ಪನ ಕಿವಿಯಲ್ಲಿ, ಇಡೀ ಮನೆಗೆ ಕೇಳುವಷ್ಟು ಮೆಲ್ಲಗೆ, "ಇವರು ಯಾವಾಗ ಹೋಗ್ತಾರೆ?" ಎಂದು ಕೇಳಿತು. ತಂಗಿ ತಲೆ ಎತ್ತದೆ ಉಂಡಳು.

ದಿನ ಕಳೆದರೂ ಅದೇ ಕತೆ. ತಂಗಿ ಗೊಂಬೆ ತಂದಳು, ಮಗು ಗೊಂಬೆ ತೆಗೆದುಕೊಂಡು ದೊಡ್ಡಮ್ಮನ ಹತ್ತಿರ ಓಡಿತು. ತಲೆ ಬಾಚಲು ಹೋದಳು, ಮಗು ಸೀನಿತು, ಮೂಗುಜ್ಜಿಕೊಂಡು ಎದ್ದುಹೋಯಿತು. ಮಲಗುವಾಗ ದೊಡ್ಡಮ್ಮನ ಕಂಕುಳಿಗೆ ಮೂಗು ತಗುಲಿಸದೆ ಅದಕ್ಕೆ ನಿದ್ದೆ ಹತ್ತುತ್ತಿರಲಿಲ್ಲ. ದೊಡ್ಡಮ್ಮ "ಹೋಗೇ, ಅಮ್ಮನ ಹತ್ರ ಮಲ್ಕೋ" ಎಂದು ಬಾಯಲ್ಲಿ ಹೇಳುತ್ತಿದ್ದಳು. ಕೈ ಮಾತ್ರ ಮಗುವಿನ ಬೆನ್ನ ಮೇಲಿಂದ ಏಳುತ್ತಿರಲಿಲ್ಲ.

ಆ ಭಾನುವಾರ ಪಂಜರದಲ್ಲಿ ರಕ್ತ ಬಂತು. ಮಸಿ ಬೆಣ್ಣೆಯ ಕಿವಿ ಹರಿದಿದ್ದಳು. ಗುರುಗುಟ್ಟುವುದು, ಅಟ್ಟುವುದು, ಮೂಗೆತ್ತಿ ದೌಲತ್ತು ತೋರಿಸುವುದು ಇವೆಲ್ಲ ಸಂಸಾರದಲ್ಲಿ ಇದ್ದದ್ದೇ. ರಕ್ತ ಬಂದರೆ ಬೇರೆ ಮಾಡಲೇಬೇಕು. ದೊಡ್ಡಪ್ಪ ಬೆಣ್ಣೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಪ್ರಾಣಿವೈದ್ಯೆಯ ಹತ್ತಿರ ಓಡಿದ. ಕಿವಿಗೆ ಹೊಲಿಗೆ ಹಾಕಿ ಆಕೆ ಎರಡು ದಿನ ಅಲ್ಲೇ ಇಟ್ಟುಕೊಂಡಳು.

ಬೆಣ್ಣೆ ಮನೆಗೆ ಬಂದಾಗ ಔಷಧಿ ನಾತ. ದೊಡ್ಡಮ್ಮ ಸುಮ್ಮನಿರುವವಳೇ? ಕಿವಿಗೆ ನೀರು ತಾಗದ ಹಾಗೆ ಹಿಡಿದು, ಮಕ್ಕಳ ಶಾಂಪೂ ಹಾಕಿ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ಹೊಸ ಹಾಸುಬಟ್ಟೆಯ ಮೇಲೆ ಬಿಟ್ಟಳು. ಮಸಿ ಒಮ್ಮೆ ಮೂಸಿದಳು. ಮೈಕೂದಲು ನಿಮಿರಿತು, ಹಲ್ಲು ಕಟಕಟ ಎಂದಿತು, ಮರುಗಳಿಗೆ ಬೆಣ್ಣೆ ಪೆಟ್ಟಿಗೆಯ ಹಿಂಬಾಗಿಲಿನಿಂದ ಹಾರಿದ್ದಳು. ಟವೆಲ್ ಎಸೆದು ಬೇರೆ ಮಾಡಿ, ದೊಡ್ಡಮ್ಮ ವೈದ್ಯೆಗೆ ಫೋನು ಮಾಡಿದಳು. ಒಬ್ಬಳನ್ನು ಯಾರಿಗಾದರೂ ಕೊಟ್ಟುಬಿಡಬೇಕೇ ಎಂದು ಕೇಳುವುದಿತ್ತು.

"ತಂದ ಮೇಲೆ ಏನು ಮಾಡಿದ್ರಿ?" ವೈದ್ಯೆ ಕೇಳಿದಳು.

"ಚೆನ್ನಾಗಿ ತೊಳೆದೆ ಡಾಕ್ಟ್ರೇ. ಪಂಜರಾನೂ ತೊಳೆದೆ. ಪ್ರತಿ ವಾರ ತೊಳೀತೀನಿ."

"ಅಯ್ಯೋ, ಯಾಕಮ್ಮ ತೊಳೆದ್ರಿ? ಅವಕ್ಕೆ ಕಣ್ಣು ಅಷ್ಟಕ್ಕಷ್ಟೇ, ಮೂಗೇ ಎಲ್ಲ. ವಾಸನೆ ಹೋಯ್ತು ಅಂದ್ರೆ ಗುರುತು ಹೋಯ್ತು. ನೀವು ವಾರವಾರ ಅವರ ಮನೆ ಅಳಿಸಿ ಹೊಸಬರನ್ನಾಗಿ ಮಾಡ್ತಿದೀರಿ. ಈಗ ಆಸ್ಪತ್ರೆಯಿಂದ ಬಂದವಳು ನಮ್ಮವಳೇ ಅಂತ ಆ ಕಪ್ಪಿಗೆ ಹೇಗೆ ಗೊತ್ತಾಗ್ಬೇಕು ಹೇಳಿ?"

ದೊಡ್ಡಮ್ಮನ ಕೈಯಲ್ಲಿ ಫೋನು ಹಾಗೇ ನಿಂತಿತು. ಎದುರಿಗೆ ಕಿಟಕಿಯ ಪಕ್ಕ ತಂಗಿ ಕೂತಿದ್ದಳು, ಗೆರೆ ಮುರಿಯದ ಬಟ್ಟೆಯಲ್ಲಿ, ಘಮಘಮಿಸುತ್ತ. ಕೋಣೆಯ ಆ ತುದಿಯಲ್ಲಿ ಮಗು ಗೋಡೆ ಹಿಡಿದು ಆಟವಾಡುತ್ತಿತ್ತು.

"ಒಗೆಯೋಕೆ ಹಾಕಿದ ಹಳೇ ಹಾಸುಬಟ್ಟೆ ಇದ್ಯಾ?" ವೈದ್ಯೆ ಕೇಳುತ್ತಿದ್ದಳು. "ಅದನ್ನ ತಗೊಂಡು ಎರಡಕ್ಕೂ ಉಜ್ಜಿ. ಇಬ್ಬರದ್ದೂ ಅಲ್ಲದ ಜಾಗದಲ್ಲಿ ಬಿಡಿ, ಮಧ್ಯ ಒಂದು ರಾಶಿ ಸೊಪ್ಪು ಹಾಕಿ. ಅವಸರ ಬೇಡ."

ಪುಣ್ಯಕ್ಕೆ ಒಂದು ಹಾಸುಬಟ್ಟೆ ಬುಟ್ಟಿಯ ತಳದಲ್ಲಿ ಉಳಿದಿತ್ತು. ಉಚ್ಚೆ, ಹುಲ್ಲು, ಎರಡು ಮೈಯ ಬಿಸಿ, ಎಲ್ಲ ಅದರಲ್ಲಿತ್ತು. ದೊಡ್ಡಮ್ಮ ಮುಖ ಸಿಂಡರಿಸಿಕೊಂಡು ಅದನ್ನು ಇಬ್ಬರಿಗೂ ತಲೆಯಿಂದ ಹಿಂಭಾಗದವರೆಗೆ ತಿಕ್ಕಿ, ಬಚ್ಚಲಿನ ನೀರಿಲ್ಲದ ದೊಡ್ಡ ತೊಟ್ಟಿಯಲ್ಲಿ ಬಿಟ್ಟಳು. ಮಸಿ ಬಂದು ಮೂಸಿದಳು. ಸುಮ್ಮನೆ ನಿಂತಳು. ಮತ್ತೆ ಮೂಸಿದಳು, ಆಮೇಲೆ ಸೊಪ್ಪಿಗೆ ಬಾಯಿ ಹಾಕಿದಳು. ಸಂಜೆಯ ಹೊತ್ತಿಗೆ ಒಂದೇ ದಂಟಿನ ಎರಡು ತುದಿಗೆ ಎರಡು ಬಾಯಿ. ಮಗು ಚಪ್ಪಾಳೆ ತಟ್ಟಿತು. ತಂಗಿಯೂ ದೂರದಿಂದ ನಕ್ಕಳು.

ದೊಡ್ಡಮ್ಮ ನಗಲಿಲ್ಲ. ತಂಗಿಯ ಮೈಯಿಂದ ತಾನು ತೊಳೆದು ತೆಗೆದದ್ದು ಏನೆಂದು ಅವಳಿಗೆ ಗೊತ್ತಾಗಿಹೋಗಿತ್ತು, ಗೊತ್ತಾಗಿಯೂ ಬಾಯಿಗೆ ಬೀಗ ಹಾಕಿಕೊಂಡಳು. ಹೇಳಿದರೆ ಮಗು ಹೋಗುತ್ತದೆ. ಹೇಳದಿದ್ದರೆ ಯಾರೂ ಅವಳನ್ನು ತಪ್ಪಿತಸ್ಥೆ ಎನ್ನುವಂತಿಲ್ಲ; ತಂಗಿಗೆ ಉಣ್ಣಲಿಕ್ಕೆ, ಉಡಲಿಕ್ಕೆ ಏನೂ ಕಡಿಮೆ ಮಾಡಿಲ್ಲ, ಮಗುವಿನ ಕಿವಿಗೆ ಏನೂ ಊದಿಲ್ಲ. ಮೂರನೆಯವರು ನೋಡಿದರೆ ಇಷ್ಟು ಒಳ್ಳೆಯ ಅಕ್ಕ ಎಲ್ಲಿ ಸಿಕ್ಕಾಳು ಎನ್ನಬೇಕು. ಕೆಳಗೆ ಹೋಗಿ ಗಂಜಿ ಹಾಕಿದ ಕಾಲರುಗಳನ್ನು ನೀವುತ್ತ ಅವಳು ಇದೇ ಮಾತನ್ನು ತನಗೆ ತಾನು ಹೇಳಿಕೊಂಡಳು. ಸಮಾಧಾನ ಮಾತ್ರ ಆಗಲಿಲ್ಲ.

ಎರಡು ದಿನ ಬಿಟ್ಟು ತಂಗಿಯೇ ಅಂಗಡಿಗಿಳಿದು ಬಂದಳು. ಹ್ಯಾಂಗರಿಗೆ ತೂಗುಹಾಕಿದ ಕೋಟುಗಳ ನಡುವೆ ನಿಂತು, ಯಾರದೋ ಗುಂಡಿ ತಿರುವುತ್ತ ಹೇಳಿದಳು:

"ಅಕ್ಕ, ಅವಳು ಇಲ್ಲೇ ಇರ್ಲಿ."

"ಏನಂದೆ?"

"ನಿನ್ನ ಹತ್ರಾನೇ ಇರ್ಲಿ ಅಂದೆ. ಅವಳು ನನ್ನನ್ನ ಕಂಡ್ರೆ ಗೋಡೆಗೆ ಅಂಟ್ಕೋತಾಳೆ. ಎಳ್ಕೊಂಡು ಹೋಗಿ ಏನು ಮಾಡ್ಲಿ? ನಾನು ಬರೋ ವಾರ ಹೊರಡ್ತೀನಿ. ತಿಂಗಳಿಗೊಮ್ಮೆ ಬಂದು ನೋಡ್ಕೊಂಡು ಹೋಗ್ತೀನಿ, ಆಗ್ಬಹುದಾ?"

ಒಂದೂವರೆ ವರ್ಷದಿಂದ ದೊಡ್ಡಮ್ಮ ಒಳಗೊಳಗೇ ಕಾದ ಮಾತು ಅದು. ತಾನಾಗಿ ಬಂದು ಎದುರಿಗೆ ನಿಂತಿತ್ತು. ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ, 'ಆಗಲಿ' ಎಂದರೆ ಮುಗಿಯಿತು. ಆದರೆ ತಂಗಿ 'ಆಗ್ಬಹುದಾ' ಎಂದು ಕೇಳಿದ ರೀತಿ, ತನ್ನ ಸ್ವಂತ ಮಗಳನ್ನು ನೋಡಲು ಅಪ್ಪಣೆ ಬೇಡುವ ರೀತಿ, ಆ ಮಾತನ್ನು ಅವಳ ಬಾಯಿಂದ ಹೊರಡಗೊಡಲಿಲ್ಲ.

"ಬರೋ ವಾರ ತಾನೇ? ಆಮೇಲೆ ನೋಡೋಣ" ಎಂದಳು. "ಹೋಗು, ಗಾಳಿಗೆ ನಿಲ್ಬೇಡ."

ಮರುದಿನ ಬೆಳಿಗ್ಗೆ ದೊಡ್ಡಮ್ಮ ಹಿಂದಿನ ದಿನ ಹಾಕಿದ್ದ ಬೂದು ಬಣ್ಣದ ಉಣ್ಣೆ ಸ್ವೆಟರನ್ನೇ ಮತ್ತೆ ಹಾಕಿಕೊಂಡಳು. ಅದರ ಮರುದಿನವೂ ಅದೇ. ಅದನ್ನೇ ಹಾಕಿಕೊಂಡು ಆವಿಯ ಇಸ್ತ್ರಿಯ ಮುಂದೆ ಬೆವರಿದಳು, ಅಡುಗೆ ಮಾಡಿದಳು, ಮಗುವನ್ನು ಪಕ್ಕದಲ್ಲಿ ಹಾಕಿಕೊಂಡು ಮಲಗಿದಳು. ಮೂರನೇ ದಿನ ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ.

"ಇವತ್ತೂ ಅದೇನಾ? ಮೈ ಹುಷಾರಿಲ್ವೇನೇ?"

"ಹುಷಾರಾಗೇ ಇದೀನಿ."

"ಲಾಂಡ್ರಿಯವಳೇ ಹೀಗೆ ಕೂತ್ರೆ ಗಿರಾಕಿಗಳು ಏನಂದ್ಕೋತಾರೆ?"

"ಅಂದ್ಕೊಳ್ಲಿ ರೀ" ಎಂದಳು. ದೊಡ್ಡಪ್ಪ ಮುಂದಿನ ಅಂಗಿಯನ್ನು ಟೇಬಲ್ಲಿನ ಮೇಲೆ ಹರಡಿದ.

ಆ ದಿನ ಮಧ್ಯಾಹ್ನ ಅವಳು ಸ್ವೆಟರು ಬಿಚ್ಚಿ ತಂಗಿಯ ಮಡಿಲಿಗೆ ಹಾಕಿದಳು.

"ಇದನ್ನ ಹಾಕ್ಕೋ."

ತಂಗಿ ಹಿಡಿದು ನೋಡಿದಳು. "ಅಕ್ಕ, ಇದು… ವಾಸನೆ ಬರ್ತಿದೆ."

"ಬರ್ಲಿ ಅಂತಾನೇ ಕೊಟ್ಟಿದ್ದು. ಮೇಲೆ ಆ ಘಮಘಮ ಏನೂ ಹಾಕ್ಕೋಬೇಡ. ಸುಮ್ನೆ ಕೂತಿರು, ಮಗೂನ ಕರೀಬೇಡ, ಗೊಂಬೆ ತೋರಿಸ್ಬೇಡ. ತಾನಾಗೇ ಬರುತ್ತೆ."

ತಂಗಿ ಅಕ್ಕನ ಮುಖ ನೋಡಿದಳು. ಆಮೇಲೆ ಮೂಲೆಯ ಪಂಜರದ ಕಡೆ ನೋಡಿದಳು. ಏನೋ ಹೇಳಲು ಹೋದವಳನ್ನು ದೊಡ್ಡಮ್ಮ ಕೈಯೆತ್ತಿ ತಡೆದು ಮೆಟ್ಟಿಲಿಳಿದಳು. ಅಲ್ಲೇ ನಿಂತರೆ ಮಗು ತನ್ನ ಹತ್ತಿರವೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಸಂಜೆಯವರೆಗೆ ಅವಳು ಮೇಲೆ ಹತ್ತಲಿಲ್ಲ. ನಡುವೆ ಒಮ್ಮೆ ಮೆಟ್ಟಿಲ ತುದಿಯಿಂದ "ದೊಡ್ಡಮ್ಮಾ" ಎಂದು ಕೂಗು ಬಂತು. ಅವಳು ಇಸ್ತ್ರಿಯ ಆವಿಯನ್ನು ಬುಸ್ಸೆಂದು ಬಿಟ್ಟು ಆ ಸದ್ದಿನಲ್ಲಿ ಕೇಳಿಸದವಳಂತೆ ನಿಂತಳು. ಇನ್ನೊಮ್ಮೆ ಕೂಗು ಬಂತು. ದೊಡ್ಡಪ್ಪ ಹೋಗಲು ಎದ್ದ, ಅವಳು ಅವನ ತೋಳು ಹಿಡಿದು ಕೂರಿಸಿದಳು. ಮೂರನೇ ಸಲ ಕೂಗು ಬರಲಿಲ್ಲ. ಅದು ಬರದಿದ್ದುದನ್ನೇ ಅವಳಿಗೆ ತಡೆಯಲಾಗಲಿಲ್ಲ. ಯಾರದೋ ಮದುವೆಯ ಬಿಳಿ ಅಂಗಿಯ ಮೇಲೆ ಬಗ್ಗಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಆ ಅಂಗಿಯನ್ನು ಮತ್ತೊಮ್ಮೆ ಒಗೆಯಬೇಕಾಯಿತು.

ಪವಾಡವೇನೂ ನಡೆಯಲಿಲ್ಲ. ಮೊದಲ ದಿನ ಮಗು ತಂಗಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಆಡಿತು, ಅಷ್ಟೆ. ಎರಡನೇ ದಿನ ಸ್ವೆಟರಿನ ತೋಳು ಹಿಡಿದು ಮೂಗಿಗೊತ್ತಿಕೊಂಡು ಒಳಗೆ ಯಾರಿದ್ದಾರೆಂದು ಅನುಮಾನದಿಂದ ನೋಡಿತು. ತಂಗಿ ಉಸಿರು ಬಿಗಿಹಿಡಿದು ಕೂತಿದ್ದಳಂತೆ. ಹೊರಡುವ ದಿನವನ್ನು ಒಂದು ವಾರ ಮುಂದಕ್ಕೆ ಹಾಕಿದರು. ಆ ವಾರದಲ್ಲೊಂದು ಮಧ್ಯಾಹ್ನ ದೊಡ್ಡಮ್ಮ ನೀರು ಕುಡಿಯಲು ಮೇಲೆ ಬಂದಾಗ ಮಗು ತಾಯಿಯ ತೊಡೆಯ ಮೇಲೆ ಬಾಯಿ ತೆರೆದು ನಿದ್ದೆ ಹೋಗಿತ್ತು. ಕಾಲು ಜೋಮು ಹಿಡಿದರೂ ತಂಗಿ ಅಲ್ಲಾಡಿರಲಿಲ್ಲ. ಅವಳ ಮುಖ ನೋಡಿ ದೊಡ್ಡಮ್ಮನಿಗೆ ಸಂತೋಷವಾಯಿತು, ಸಂಕಟವೂ ಆಯಿತು. ಎರಡೂ ನಿಜ. ನೀರು ಕುಡಿದು ಕೆಳಗಿಳಿದಳು.

ಹೊರಡುವ ದಿನ ಬಾಡಿಗೆ ಕಾರು ಬಾಗಿಲಿಗೆ ಬಂತು. ಪಂಜರವನ್ನು ಹಿಂದಿನ ಸೀಟಿನಲ್ಲಿಟ್ಟು, ಹಾಸುಬಟ್ಟೆ ಒಗೆಯದ್ದನ್ನೇ ಹಾಕಿದ್ದೇನೆ, ಹೊಸ ಮನೆಯಲ್ಲಿ ಒಂದು ವಾರ ತೆಗೆಯಬೇಡ ಎಂದು ದೊಡ್ಡಪ್ಪ ತಿಳಿಸಿ ಹೇಳಿದ. ಮಗು ದೊಡ್ಡಮ್ಮನ ಕುತ್ತಿಗೆಗೆ ಜೋತುಬಿದ್ದು ಅತ್ತಿತು, ಆಮೇಲೆ ಮಸಿ ಎತ್ತ ಕಡೆ ಕೂತಿದ್ದಾಳೆಂದು ನೋಡಲು ಕಾರಿನೊಳಗೆ ತೂರಿಕೊಂಡಿತು. ಮಕ್ಕಳ ಅಳು ಅಷ್ಟೇ, ಅಷ್ಟೇ ಇರಬೇಕು ಕೂಡ.

ತಂಗಿ ಇನ್ನೂ ಆ ಬೂದು ಸ್ವೆಟರಿನಲ್ಲೇ ಇದ್ದಳು. "ಅಕ್ಕ, ಇದನ್ನ ತೊಳೆದು ಕಳಿಸಿಕೊಡ್ತೀನಿ" ಎಂದಳು.

"ಈಗ್ಲೇ ತೊಳೀಬೇಡ" ಎಂದಳು ದೊಡ್ಡಮ್ಮ, ಅದರ ಕಾಲರು ಸರಿಮಾಡುತ್ತ. "ಇನ್ನೊಂದೆರಡು ವಾರ ಹೀಗೇ ಹಾಕ್ಕೋ. ಕೆಲಸ ಮಾಡು, ಬೆವರು, ಅದರಲ್ಲೇ ಮಲಗು. ಅಷ್ಟ್ರೊಳಗೆ ನಿನ್ನ ವಾಸನೆ ಹಿಡಿದಿರುತ್ತೆ."

"ಆಮೇಲೆ?"

"ಆಮೇಲೆ ಬಿಸಿನೀರಲ್ಲಿ ನೆನೆಹಾಕಿ ಎರಡು ಸಲ ತೊಳಿ, ನಂದೇನೂ ಉಳೀಬಾರ್ದು" ಎಂದು ಹೇಳಿ, ಕಾರಿನ ಬಾಗಿಲನ್ನು ತಾನೇ ಹಾಕಿದಳು.